ಬೋಡಿ ಘೋಸ್ಟ್ ಟೌನ್: ಗೋವಾ ಗಣಿಯಲ್ಲಿ ದುಡಿದವನ ರಿವ್ಯೂ

ಬೋಡಿ ಅಂದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನ ಬಿಟ್ಟು ಹೋದ ಒಂದು ಹಳೇ ಚಿನ್ನದ ಗಣಿ ಊರು. ಮೊದಲೇ ಹೇಳಿಬಿಡುತ್ತೇನೆ, ಹೋಗಿ ಬನ್ನಿ. ಆದರೆ ದೆವ್ವ ಕಾಣಬಹುದು ಅಂತಲೋ, ಕೌಬಾಯ್ ವೇಷದವರು ಗುಂಡು ಹಾರಿಸಿ ತೋರಿಸುತ್ತಾರೆ ಅಂತಲೋ ಹೋದರೆ ನಿರಾಸೆ ಗ್ಯಾರಂಟಿ. ಬೋಡಿಯಲ್ಲಿ ಅಂಥದ್ದು ಏನೂ ಇಲ್ಲ. ಒಂದು ಚಹಾದಂಗಡಿ ಕೂಡ ಇಲ್ಲ. ಇರುವುದು ಕಟ್ಟಿಗೆಯ ಮನೆಗಳು, ಗಾಳಿ, ಧೂಳು, ಗುಡ್ಡದ ಪಕ್ಕದಲ್ಲಿ ಚಿನ್ನದ ಅದಿರು ಕುಟ್ಟುತ್ತಿದ್ದ ಒಂದು ಹಳೇ ಮಿಲ್ಲು. ನನ್ನ ಕೇಳಿದರೆ ಆ ಮಿಲ್ಲೊಂದಕ್ಕೇ ಅಷ್ಟು ದೂರ ಹೋಗಬಹುದು.

ಗೋವಾದ ಕನ್ನಡಿಗರಲ್ಲಿ ಈಗ ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಜಾಸ್ತಿ. ವಾಸ್ಕೋ, ಮಡಗಾಂವ, ಫೋಂಡಾ ಎಲ್ಲೇ ಹೋದರೂ "ಈ ಸಲ ಬ್ಯಾಸಿಗಿಗೆ ಮಗಳ ಹತ್ರ ಹೊಂಟೀವ್ರಿ" ಅನ್ನುವವರು ಸಿಗುತ್ತಾರೆ. ಹೋದವರು ನೋಡಿಕೊಂಡು ಬರುವುದು ಮಾತ್ರ ಅದೇ ಕೆಂಪು ಸೇತುವೆ, ಅದೇ ಲಾಸ್ ವೇಗಾಸ್, ಅದೇ ವೆಂಕಟೇಶ್ವರನ ಗುಡಿ. ಕ್ಯಾಲಿಫೋರ್ನಿಯಾಗೆ ಹೋಗುವವರು, ಅದರಲ್ಲೂ ಮನೆಯಲ್ಲಿ ಯಾರಾದರೂ ಗಣಿಯಲ್ಲಿ, ನದಿಯಲ್ಲಿ ಅದಿರು ಸಾಗಿಸುವ ಬಾರ್ಜಿನಲ್ಲಿ, ಅದಿರು ಲಾರಿಯಲ್ಲಿ ದುಡಿದವರಿದ್ದರೆ, ಈ ಒಂದು ಜಾಗ ಪಟ್ಟಿಗೆ ಸೇರಿಸಿಕೊಳ್ಳಿ ಅಂತ ಬರೆಯುತ್ತಿದ್ದೇನೆ. ನಾನು ಬಾಗಲಕೋಟೆ ಕಡೆಯವನು. ಗೋವಾದ ಡಿಚೋಲಿ ಹತ್ತಿರ ಕಬ್ಬಿಣದ ಅದಿರಿನ ಪ್ಲಾಂಟಿನಲ್ಲಿ ಫಿಟ್ಟರ್ ಆಗಿದ್ದೆ. ಕ್ರಷರ್, ಅದಿರು ಜರಡಿ ಹಿಡಿಯುವ ಸ್ಕ್ರೀನು, ಕನ್ವೇಯರ್ ಬೆಲ್ಟು, ಇವೇ ನನ್ನ ಸಂಸಾರ ಅಂತ ನಮ್ಮ ಮನೆಯವರು ಹೇಳುತ್ತಿದ್ದರು. ಹಾಗಾಗಿ ಈ ರಿವ್ಯೂ ಸ್ವಲ್ಪ ಮಷಿನಿನ ಕಡೆ ವಾಲಿದರೆ ಅಡ್ಜಸ್ಟ್ ಮಾಡಿಕೊಳ್ಳಿ.

ಬೋಡಿ ಇರುವುದು ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ನೆವಾಡಾ ಗಡಿಗೆ ಹತ್ತಿರ, ಸಿಯೆರಾ ನೆವಾಡಾ ಬೆಟ್ಟಸಾಲಿನ ಆಚೆ ಮಗ್ಗುಲಿಗೆ. ಎತ್ತರ 8,379 ಅಡಿ. ಅಂದರೆ ನಮ್ಮ ಊಟಿಗಿಂತಲೂ ಮೇಲೆ. ಮಗಳ ಮನೆ ಸ್ಯಾನ್ ಫ್ರಾನ್ಸಿಸ್ಕೋ ಕಡೆ, ಅಲ್ಲಿಂದ ಒಂದೇ ದಿನದಲ್ಲಿ ಹೋಗಿ ಬರುವ ಮಾತೇ ಇಲ್ಲ. ನಾವು ಯೊಸೆಮಿಟಿ ನ್ಯಾಷನಲ್ ಪಾರ್ಕ್ ಒಳಗಿನ ಟಿಯೋಗಾ ರಸ್ತೆ ಹಿಡಿದು ಘಾಟ್ ದಾಟಿ, ಆಚೆ ಲೀ ವೈನಿಂಗ್ ಅನ್ನುವ ಪುಟ್ಟ ಊರಲ್ಲಿ ಉಳಿದು, ಬೆಳಿಗ್ಗೆ ಬೋಡಿಗೆ ಹೋದೆವು. ಇದೇ ಸರಿಯಾದ ರೀತಿ. ಟಿಯೋಗಾ ಘಾಟಿನ ತುದಿ 9,900 ಅಡಿ ಮೀರುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ಆ ರಸ್ತೆ ತಿಂಗಳುಗಟ್ಟಲೆ ಬಂದ್ ಆಗುತ್ತದೆ, ಬೋಡಿಯ ರಸ್ತೆಯೂ ಅಷ್ಟೇ. ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗುವುದು ಒಳ್ಳೆಯದು.

ಲೀ ವೈನಿಂಗಿನಿಂದ 395 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ಬಲಕ್ಕೆ 270ನೇ ನಂಬರಿನ ರಸ್ತೆಗೆ ತಿರುಗಬೇಕು. ಅಲ್ಲಿಂದ 13 ಮೈಲು. ಮೊದಲ ಹತ್ತು ಮೈಲು ಡಾಂಬರು, ಕೊನೆಯ ಮೂರು ಮೈಲು ಬರೀ ಮಣ್ಣು ಕಲ್ಲು. ಆ ಮೂರು ಮೈಲಿನ ಬಗ್ಗೆ ಎಲ್ಲರೂ ಬಹಳ ಹೆದರಿಸುತ್ತಾರೆ. ಅಳಿಯ ಸ್ಟೀರಿಂಗ್ ಗಟ್ಟಿ ಹಿಡಿದು ಆಮೆ ಹಾಗೆ ನಡೆಸುತ್ತಿದ್ದ, ಬಾಡಿಗೆ ಕಾರು ನೋಡಿ, ಅವನ ಚಿಂತೆ ಅವನಿಗೆ. ಗೋವಾದ ಉಸಗಾಂವ-ತಿಸ್ಕ ರಸ್ತೆಯಲ್ಲಿ ಗಣಿ ಜೋರಾಗಿದ್ದ ಕಾಲದಲ್ಲಿ ಟಿಪ್ಪರುಗಳ ಹಿಂದೆ ಸ್ಕೂಟರ್ ಓಡಿಸಿದವನಿಗೆ ಅದೇನೂ ರಸ್ತೆ ಅನ್ನಿಸಲಿಲ್ಲ. ಸಾಮಾನ್ಯ ಕಾರು ಆರಾಮಾಗಿ ಹೋಗುತ್ತದೆ. ಕುಲುಕುತ್ತದೆ, ಅಷ್ಟೇ. ಪೆಟ್ರೋಲ್ ಮಾತ್ರ ಹೆದ್ದಾರಿಯ ಊರಲ್ಲೇ ಹಾಕಿಸಿಕೊಳ್ಳಿ. ಬೋಡಿಯಲ್ಲಿ ಪೆಟ್ರೋಲ್ ಪಂಪು ಇದೆ, ಆದರೆ ಅದೂ ಮ್ಯೂಸಿಯಂ ಸಾಮಾನೇ.

ಟಿಕೆಟ್ಟು ದೊಡ್ಡವರಿಗೆ ಎಂಟು ಡಾಲರ್, ಮಕ್ಕಳಿಗೆ ಐದು, ನಾವು ಹೋದಾಗ ಇಷ್ಟಿತ್ತು. ನಗದು ಇಟ್ಟುಕೊಂಡು ಹೋಗಿ. ಮೊಬೈಲ್ ಸಿಗ್ನಲ್ ಇಲ್ಲ, ಕಾರ್ಡು ನಂಬಿಕೊಂಡು ಹೋಗಬೇಡಿ. ಗೇಟಿನಲ್ಲಿ ಎರಡು ಮೂರು ಡಾಲರಿಗೆ ಒಂದು ಸಣ್ಣ ಪುಸ್ತಕ ಕೊಡುತ್ತಾರೆ, ಅದನ್ನು ಖಂಡಿತ ತಗೊಳ್ಳಿ. ಮನೆಗಳ ಮುಂದೆ ಬರೀ ನಂಬರು ಇರುತ್ತದೆ, ಯಾರ ಮನೆ, ಏನು ಕಥೆ ಅನ್ನುವುದೆಲ್ಲ ಪುಸ್ತಕದಲ್ಲಿ. ಅದಿಲ್ಲದೆ ಸುಮ್ನೆ ಹಳೇ ಕಟ್ಟಿಗೆ ನೋಡಿ ಬಂದಂತಾಗುತ್ತದೆ.

ಊರಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 1859ರಲ್ಲಿ ಬೋಡಿ ಅನ್ನುವ ಹೆಸರಿನವನೊಬ್ಬ ಇಲ್ಲಿ ಚಿನ್ನ ಕಂಡ. ಅದೇ ವರ್ಷ ಚಳಿಗಾಲದಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ಸತ್ತ. ಊರು ಕಟ್ಟಿದ್ದನ್ನು ಅವನು ನೋಡಲೇ ಇಲ್ಲ. ಮುಂದೆ ಹದಿನೈದು ವರ್ಷಕ್ಕೂ ಮೇಲೆ ಅಂಥ ಸದ್ದೇನೂ ಇರಲಿಲ್ಲ. 1876ರ ಹೊತ್ತಿಗೆ ಒಳ್ಳೇ ಅದಿರು ಸಿಕ್ಕಿತು ನೋಡಿ, ಆಗ ಜನ ನುಗ್ಗಿದರು. 1880ರ ಸುಮಾರಿಗೆ ಎಂಟರಿಂದ ಹತ್ತು ಸಾವಿರ ಜನ ಇದ್ದರು ಅಂತ ಅಂದಾಜು. ಸುಮಾರು ಎರಡು ಸಾವಿರ ಕಟ್ಟಡ, ಒಂದು ಮೈಲು ಉದ್ದದ ಮುಖ್ಯ ಬೀದಿ, ಅದರಲ್ಲಿ 65 ಸೆರೆಯಂಗಡಿ. ಗೋವಾದಲ್ಲಿ ಇರುವವರಿಗೆ ಈ ಕೊನೆಯ ಲೆಕ್ಕ ಅಷ್ಟು ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಆದರೆ ಆ ಜೋರು ನಡೆದದ್ದು ನಾಲ್ಕೈದು ವರ್ಷ ಮಾತ್ರ. ಬೇರೆ ಕಡೆ ಗಣಿ ಸಿಕ್ಕಿತು ಅಂತ ಸುದ್ದಿ ಬಂದ ಕೂಡಲೇ ಒಬ್ಬೊಬ್ಬರೇ ಗಂಟು ಕಟ್ಟಿದರು. ಊರು ಸತ್ತಿದ್ದು ಒಮ್ಮೆಲೇ ಅಲ್ಲ. 1892ರಲ್ಲಿ ಒಂದು ಬೆಂಕಿ, 1932ರಲ್ಲಿ ಇನ್ನೊಂದು, ಎರಡನೆಯದು ಒಂದು ಸಣ್ಣ ಹುಡುಗ ಬೆಂಕಿಕಡ್ಡಿ ಜೊತೆ ಆಡಿ ಹಚ್ಚಿದ್ದಂತೆ. ಕೊನೆಗೆ ಎರಡನೇ ಮಹಾಯುದ್ಧ ಬಂದು, 1942ರಲ್ಲಿ ಅಮೆರಿಕ ಸರಕಾರ ಚಿನ್ನದ ಗಣಿಗಳನ್ನು ನಿಲ್ಲಿಸಿ ಅಂತ ಆರ್ಡರ್ ಹೊರಡಿಸಿತು. ಪೋಸ್ಟ್ ಆಫೀಸು ಮುಚ್ಚಿದ್ದೂ ಅದೇ ವರ್ಷ.

ಸರಕಾರದ ಒಂದು ಕಾಗದ ಬಂದು ಗಣಿ ನಿಲ್ಲುವುದು ಅಂದರೆ ಏನು ಅನ್ನುವುದು ನಮಗೆ ಹೇಳಿಕೊಡಬೇಕಿಲ್ಲ. ಗೋವಾದಲ್ಲಿ 2012ರಲ್ಲಿ ಒಮ್ಮೆ ಆಯಿತು. ಮತ್ತೆ ಶುರುವಾಗಿ, ಸುಪ್ರೀಂ ಕೋರ್ಟು 88 ಗಣಿ ಲೀಸು ರದ್ದು ಮಾಡಿದ ಮೇಲೆ 2018ರ ಮಾರ್ಚಿನಲ್ಲಿ ಇನ್ನೊಮ್ಮೆ ಆಯಿತು. ತಪ್ಪು ಯಾರದ್ದು, ಕೋರ್ಟು ಯಾಕೆ ಹಾಗೆ ಹೇಳಿತು ಅನ್ನುವುದು ಬೇರೆ ಮಾತು. ಗಣಿ ಅಗೆದವರು ನೀರು ಹಾಳು ಮಾಡಿದ್ದೂ ನಿಜವೇ, ಹೊಲಕ್ಕೆ ಕೆಂಪು ಕೆಸರು ಇಳಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಲೋನ್ ಮಾಡಿ ಟಿಪ್ಪರ್ ತಂದವರು, ಕುಡಚಡೆಯಲ್ಲಿ ಖಾನಾವಳಿ ಇಟ್ಟವರು, ವಿಜಯಪುರದಿಂದ ಬಂದು ಗ್ಯಾರೇಜ್ ಹಾಕಿದವರು ಒಂದೇ ವರ್ಷದಲ್ಲಿ ಖಾಲಿಯಾದರು. ಬೋಡಿಯ ಬೀದಿಯಲ್ಲಿ ನಡೆಯುವಾಗ ಇವರೆಲ್ಲ ನೆನಪಾದರೆ ಅದರಲ್ಲಿ ವಿಶೇಷ ಏನಿಲ್ಲ, ಅಲ್ವಾ.

ಈಗ ನಿಂತಿರುವ ಕಟ್ಟಡಗಳು ನೂರರ ಆಸುಪಾಸು. ಒಂದು ಕಾಲದ ಊರಿನ ನೂರಕ್ಕೆ ಐದು ಪಾಲು ಮಾತ್ರ. ಅಮೆರಿಕದವರು 1962ರಲ್ಲಿ ಇದನ್ನು ರಾಜ್ಯ ಪಾರ್ಕ್ ಮಾಡಿ ಒಂದು ನಿಯಮ ಇಟ್ಟುಕೊಂಡರು. ಹೊಸದಾಗಿ ಬಣ್ಣ ಹೊಡೆಯುವುದಿಲ್ಲ, ಮನೆಯನ್ನು ಮೊದಲಿನ ಹಾಗೆ ಮಾಡುವುದೂ ಇಲ್ಲ. ಬೀಳಲಿಕ್ಕೂ ಬಿಡುವುದಿಲ್ಲ. ಸಿಕ್ಕಾಗ ಹೇಗಿತ್ತೋ ಹಾಗೇ ನಿಲ್ಲಿಸುವುದು. ಮಾಡು ಸೋರಿದರೆ ಮುಚ್ಚುತ್ತಾರೆ, ಅಡಿಪಾಯ ಕುಸಿದರೆ ಆಸರೆ ಕೊಡುತ್ತಾರೆ. ಮುಖ್ಯ ಬೀದಿಯಲ್ಲಿ ಸ್ವೇಜಿ ಅನ್ನುವ ಹೋಟೆಲಿನ ಕಟ್ಟಡ ಒಂದು ಕಡೆಗೆ ಪೂರ್ತಿ ವಾಲಿದೆ. ಅದನ್ನು ನೆಟ್ಟಗೆ ಮಾಡಿಲ್ಲ. ಪಕ್ಕದಿಂದ ದಪ್ಪ ತೊಲೆ ಆನಿಸಿ ವಾಲಿದ ಹಾಗೇ ನಿಲ್ಲಿಸಿದ್ದಾರೆ. ಕೆಲಸ ಗೊತ್ತಿದ್ದವನಿಗೆ ಅರ್ಥವಾಗುತ್ತದೆ, ನೆಟ್ಟಗೆ ಮಾಡುವುದಕ್ಕಿಂತ ಇದು ಕಷ್ಟದ ಕೆಲಸ. ನಮ್ಮ ಕಡೆ ಗುಡಿಗೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಗ್ರಾನೈಟ್ ಹಾಕಿ ಜೀರ್ಣೋದ್ಧಾರ ಅನ್ನುವವರಿಗೆ ಇದನ್ನು ಒಮ್ಮೆ ತೋರಿಸಬೇಕು.

ಬಹಳಷ್ಟು ಮನೆಗಳ ಒಳಗೆ ಬಿಡುವುದಿಲ್ಲ. ಕಿಟಕಿಯಿಂದ ಇಣುಕಬೇಕು. ಗಾಜಿಗೆ ಹಣೆ ಹಚ್ಚಿ, ಎರಡೂ ಕೈಯಿಂದ ಬೆಳಕು ಮರೆ ಮಾಡಿ ನೋಡಿದರೆ ಒಳಗಿನದು ಕಾಣುತ್ತದೆ. ಶಾಲೆಯಲ್ಲಿ ಬೆಂಚುಗಳು, ಭೂಗೋಳದ ಗೋಳ, ಕರಿಹಲಗೆ. ಇನ್ನೊಂದು ಹೋಟೆಲಿನಲ್ಲಿ ಬಿಲಿಯರ್ಡ್ಸ್ ಟೇಬಲ್ಲು. ಅಂಗಡಿಯ ಕಪಾಟಿನಲ್ಲಿ ಡಬ್ಬಿಗಳು, ಪೆಟ್ಟಿಗೆಗಳು. ಎಲ್ಲದರ ಮೇಲೂ ಬೆರಳು ದಪ್ಪದ ಧೂಳು. ಗೋಡೆಗೆ ಅಂಟಿಸಿದ ಹೂವಿನ ಕಾಗದ ಹರಿದು ಜೋತು ಬಿದ್ದಿದೆ. "ರೀ, ಇಲ್ಲಿ ಬರ್ರಿ, ಒಲಿ ಮ್ಯಾಲಿನ ಪಾತ್ರಿ ಸುದ್ದಾ ಬಿಟ್ಟು ಹೋಗ್ಯಾರ ನೋಡ್ರಿ" ಅಂತ ನಮ್ಮ ಮನೆಯವರು ಒಂದು ಕಿಟಕಿಯಿಂದ ಕದಲಲೇ ಇಲ್ಲ. ಯಾಕೆ ಬಿಟ್ಟು ಹೋದರು ಅಂದರೆ, ಅಲ್ಲಿಂದ ಸಾಮಾನು ಸಾಗಿಸುವ ಬಾಡಿಗೆ ಸಾಮಾನಿಗಿಂತ ಜಾಸ್ತಿ ಆಗುತ್ತಿತ್ತು. ಕುದುರೆ ಗಾಡಿಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ತಗೊಂಡು ಹೋದರು.

ಒಂದು ವಿಷಯ ಎಷ್ಟು ಜನ ಗಮನಿಸುತ್ತಾರೋ ಗೊತ್ತಿಲ್ಲ. ಕೆಲವು ಮನೆಗಳ ಗೋಡೆ ಮಾಡುಗಳಿಗೆ ಡಬ್ಬಿ ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಒಂದರ ಅಂಚಿನ ಮೇಲೆ ಒಂದು ಬರುವ ಹಾಗೆ ಮೊಳೆ ಹೊಡೆದಿದ್ದಾರೆ. ಈಗ ಎಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಹತ್ತಿರ ಹೋಗಿ ನೋಡಿದರೆ ಡಬ್ಬಿಯ ಹೊಲಿಗೆ ಗುರುತು, ಮಡಚಿದ ಅಂಚು, ಮೊಳೆಯ ಸುತ್ತ ಇಳಿದ ತುಕ್ಕಿನ ಗೆರೆ ಎಲ್ಲ ಕಾಣುತ್ತದೆ. ಗೋವಾದಲ್ಲಿ ರಸ್ತೆ ಕೆಲಸಕ್ಕೆ ಬಂದ ನಮ್ಮ ಕಡೆಯ ಜನ ಡಾಂಬರ್ ಡ್ರಮ್ಮು ಸೀಳಿ, ಬಡಿದು ಗುಡಿಸಲು ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ ಕೈಕೆಲಸ. ಮರವೇ ಇಲ್ಲದ ಗುಡ್ಡ ಅದು. ಒಂದೊಂದು ಹಲಗೆಯೂ ಹೊರಗಿಂದ ಬರಬೇಕು. ಕಟ್ಟಿಗೆ ತರುವುದಕ್ಕಾಗಿಯೇ 1881ರಲ್ಲಿ ಒಂದು ರೈಲು ಹಾಕಿದರು, ಲೀ ವೈನಿಂಗ್ ಪಕ್ಕದ ಮೋನೋ ಸರೋವರದ ದಕ್ಷಿಣದ ಕಾಡಿನಿಂದ ಬೋಡಿಗೆ, ಸುಮಾರು 32 ಮೈಲು. ದೇಶದ ಬೇರೆ ಯಾವ ರೈಲಿಗೂ ಅದು ಕೂಡುತ್ತಿರಲಿಲ್ಲ. ಕಟ್ಟಿಗೆ ಹೊತ್ತು ಬರುವುದು, ಖಾಲಿ ಹೋಗುವುದು, ಅಷ್ಟೇ ಅದರ ಕೆಲಸ.

ಆ ರೈಲಿನ ಕಥೆಯಲ್ಲಿ ಒಂದು ಕಹಿ ಇದೆ. ಹಳಿ ಹಾಕಲಿಕ್ಕೆ ಚೀನೀ ಕೂಲಿಗಳನ್ನು ತಂದಿದ್ದರು. ನಮ್ಮ ಕೆಲಸ ಕಸಿಯುತ್ತಾರೆ ಅಂತ ಬೋಡಿಯ ಗಣಿ ಕೆಲಸಗಾರರು ಅವರನ್ನು ಓಡಿಸಲು ಗುಂಪು ಕಟ್ಟಿಕೊಂಡು ಹೊರಟರು. ಕಂಪನಿಯವರು ಕೂಲಿಗಳನ್ನು ದೋಣಿ ಹತ್ತಿಸಿ ಸರೋವರದ ನಡುವಿನ ಪಾವೋಹಾ ದ್ವೀಪದಲ್ಲಿ ಬಚ್ಚಿಟ್ಟರು. ಬೋಡಿಯ ಒಳಗೂ ಚೀನೀಯರ ಕೇರಿ ಇತ್ತು. ಬಟ್ಟೆ ಒಗೆಯುವುದು, ತರಕಾರಿ, ಕಟ್ಟಿಗೆ ಮಾರುವುದು ಅವರ ಕೆಲಸ. ಈಗ ಆ ಕೇರಿ ಇದ್ದ ಕಡೆ ಹೋದರೆ ಹುಲ್ಲು ಪೊದೆ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಅದೇ ಊರಿನ ದೊಡ್ಡ ಕುಳ ಜೇಮ್ಸ್ ಕೇನ್ ಅವರ ಮನೆ ಮಾತ್ರ ಗಾಜಿನ ಕಿಟಕಿ ಸಮೇತ ಮೂಲೆಯಲ್ಲಿ ನಿಂತಿದೆ. ಕಟ್ಟಿಗೆ ವ್ಯಾಪಾರದಿಂದ ಶುರು ಮಾಡಿ, ಬ್ಯಾಂಕು ಇಟ್ಟು, ಕೊನೆಗೆ ಊರಿನ ಬಹುಪಾಲು ಆಸ್ತಿ ಅವರೇ ಕೊಂಡರು. ಬ್ಯಾಂಕು 1932ರ ಬೆಂಕಿಯಲ್ಲಿ ಹೋಯಿತು, ತಿಜೋರಿ ಕೋಣೆ ಉಳಿಯಿತು. ನ್ಯಾಯವಾಗಿ ಹೇಳಬೇಕೆಂದರೆ ಕೇನ್ ಕುಟುಂಬದವರು ಕಾವಲು ಇಟ್ಟಿದ್ದರಿಂದಲೇ ಇಷ್ಟಾದರೂ ಕಳ್ಳರ ಕೈಯಿಂದ ತಪ್ಪಿದೆ. ಆದರೂ ಪರಊರಿಗೆ ದುಡಿಯಲು ಹೋದವನ ಕಣ್ಣು ಖಾಲಿ ಜಾಗದ ಕಡೆಗೇ ಹೋಗುತ್ತದೆ. ಗೋವಾದಲ್ಲಿ ದುಡಿಯಲು ಬಂದವರ ಕೇರಿಗಳಾದ ಬೈನಾ, ಝುವಾರಿನಗರ ಕಂಡವರಿಗೆ ನಾನೇನು ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ.

ಇನ್ನು ಮಿಲ್ಲು. ಇದಕ್ಕೆ ಬೇರೆ ಟಿಕೆಟ್ಟು. ಬೇಸಿಗೆಯಲ್ಲಿ ಮಾತ್ರ, ಗೈಡ್ ಜೊತೆಗೆ ಮಾತ್ರ ಒಳಗೆ ಬಿಡುತ್ತಾರೆ. ಜಾಗ ಕಡಿಮೆ, ಆದ್ದರಿಂದ ಹೋದ ಕೂಡಲೇ ಮ್ಯೂಸಿಯಮ್ಮಿಗೆ ಹೋಗಿ ಟಿಕೆಟ್ಟು ಕೇಳಿ, ಊರು ಆಮೇಲೆ ಸುತ್ತಿದರಾಯಿತು. ಬರುವ ಜನರಲ್ಲಿ ಬಹಳ ಮಂದಿ ಇದನ್ನು ಬಿಟ್ಟು, ವಾಲಿದ ಮನೆ ಮುಂದೆ ಫೋಟೋ ಹೊಡೆಸಿಕೊಂಡು ವಾಪಸ್ ಹೋಗುತ್ತಾರೆ. ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ.

ಸ್ಟ್ಯಾಂಡರ್ಡ್ ಮಿಲ್ಲು ಅಂತ ಅದರ ಹೆಸರು. ಮೊದಲಿನದು 1898ರಲ್ಲಿ ಸುಟ್ಟು ಹೋಗಿ, ಮರುವರ್ಷ ಮತ್ತೆ ಕಟ್ಟಿದ್ದು ಇದು. ಒಳಗೆ ಕಾಲಿಟ್ಟ ಕೂಡಲೇ ಗ್ರೀಸು, ಹಳೇ ಕಟ್ಟಿಗೆಯ ವಾಸನೆ. 20 ಕುಟ್ಟಾಣಿಗಳು ಸಾಲಾಗಿ ನಿಂತಿವೆ. ಒಂದೊಂದೂ ಉದ್ದನೆಯ ಕಬ್ಬಿಣದ ಸರಳು, ಬುಡದಲ್ಲಿ ಭಾರದ ಗುಂಡು. ಮೇಲೆ ಅಡ್ಡಲಾಗಿ ಒಂದು ಶಾಫ್ಟು, ಅಂದರೆ ತಿರುಗುವ ದಂಡ, ಅದರ ಮೇಲೆ ಕ್ಯಾಮುಗಳು, ಅಂದರೆ ಹೊರಚಾಚಿದ ಬಾಗಿದ ತುಂಡುಗಳು. ಶಾಫ್ಟು ತಿರುಗಿದ ಹಾಗೆ ಕ್ಯಾಮು ಸರಳನ್ನು ಎತ್ತಿ ಬಿಡುತ್ತದೆ, ಸರಳು ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಕೆಳಗಿನ ಅದಿರು ನೀರಿನ ಜೊತೆ ಸೇರಿ ಹಿಟ್ಟಾಗುತ್ತದೆ. ಎಲ್ಲ ಸರಳೂ ಒಟ್ಟಿಗೆ ಬೀಳುವುದಿಲ್ಲ. ಒಂದಾದ ಮೇಲೆ ಒಂದು ಬೀಳುವ ಹಾಗೆ ಕ್ಯಾಮುಗಳ ಕೋನ ಬೇರೆ ಬೇರೆ ಇಟ್ಟಿದ್ದಾರೆ. ಒಟ್ಟಿಗೆ ಬಿದ್ದರೆ ಕಟ್ಟಡವೇ ಅದುರಿ ಹೋದೀತು, ಮೋಟಾರಿಗೂ ಒಮ್ಮೆಲೇ ಹೊರೆ. ನಾನು ಆ ಕ್ಯಾಮು ನೋಡುತ್ತಾ ನಿಂತುಬಿಟ್ಟೆ. ಅವುಗಳ ಮೇಲಿನ ಸವೆತ ನೋಡಿದರೆ ಎಷ್ಟು ದುಡಿದಿವೆ ಅಂತ ಗೊತ್ತಾಗುತ್ತದೆ, ಮುಖದ ಮೇಲೆ ಉಕ್ಕು ಕನ್ನಡಿಯ ಹಾಗೆ ನುಣುಪಾಗಿದೆ.

ಆ ಹಿಟ್ಟು, ಅಂದರೆ ಕೆಸರು, ತಾಮ್ರದ ತಗಡಿನ ಮೇಲೆ ಹರಿಯುತ್ತದೆ. ತಗಡಿಗೆ ಪಾದರಸ ಬಳಿದಿರುತ್ತಾರೆ. ಚಿನ್ನದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತದೆ, ಕಲ್ಲಿನ ಪುಡಿ ಹರಿದು ಹೋಗುತ್ತದೆ. ಆಮೇಲೆ ಅಂಟಿದ್ದನ್ನು ಕೆರೆದು, ಕಾಯಿಸಿ, ಪಾದರಸವನ್ನು ಆವಿ ಮಾಡಿ ತೆಗೆದರೆ ಚಿನ್ನ ಉಳಿಯುತ್ತದೆ. ಪಾದರಸದ ಆವಿ ಕುಡಿದವರ ಗತಿ ಏನಾಗಿರಬಹುದು ನೀವೇ ಯೋಚಿಸಿ. 1890ರ ದಶಕದಲ್ಲಿ ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ಪದ್ಧತಿ ಬಂತು. ಮೊದಲು ಎಸೆದಿದ್ದ ಪುಡಿಯನ್ನೇ ಮತ್ತೆ ಹಾಕಿ ಅದರಲ್ಲೂ ಚಿನ್ನ ತೆಗೆದರು. ನಮ್ಮ ಕೋಲಾರದ ಸಯನೈಡ್ ದಿಬ್ಬ ನೋಡಿದವರಿಗೆ ಇದು ಹೊಸದಲ್ಲ. ಗಣಿಯ ಮಣ್ಣು ಸುರಿದ ಹಳೇ ಡಂಪಿನಿಂದ ಕಡಿಮೆ ಗ್ರೇಡಿನ ಅದಿರು ಮತ್ತೆ ಎತ್ತುವುದನ್ನು ಗೋವಾದಲ್ಲೂ ಕಂಡಿದ್ದೇವೆ.

ಮಿಲ್ಲಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕರೆಂಟಿನ ಕಥೆ. ಮೊದಲು ಕಟ್ಟಿಗೆ ಸುಟ್ಟು ಉಗಿಯಿಂದ ಓಡಿಸುತ್ತಿದ್ದರು, ಅದರ ಖರ್ಚು ತಡೆಯಲಾಗಲಿಲ್ಲ. 1892ರಲ್ಲಿ, ಸುಮಾರು 13 ಮೈಲು ದೂರದ ಗ್ರೀನ್ ಕ್ರೀಕ್ ಅನ್ನುವ ತೊರೆಯಲ್ಲಿ ವಿದ್ಯುತ್ ಮಾಡಿ, ತಂತಿಯಲ್ಲಿ ಬೋಡಿಗೆ ತಂದರು. ಅಷ್ಟು ದೂರ ಎ.ಸಿ. ಕರೆಂಟು ಕಳಿಸಿ ಮೋಟಾರು ಓಡಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಕಂಬಗಳನ್ನು ಗುಡ್ಡ ಹಳ್ಳ ಏನೂ ನೋಡದೆ ಒಂದೇ ಗೆರೆಯಲ್ಲಿ ನೆಟ್ಟಿದ್ದರಂತೆ. ತಿರುವು ಬಂದರೆ ಕರೆಂಟು ತಂತಿ ಬಿಟ್ಟು ಹಾರಿಬಿಡುತ್ತದೆ ಅಂತ ಹೆದರಿದ್ದರು ಅಂತ ಒಂದು ಕಥೆ ಹೇಳುತ್ತಾರೆ. ಮಗಳು "ಪಪ್ಪಾ, ಖರೇನಾ ಇದು?" ಅಂದಳು. ಖರೆಯೋ ಸುಳ್ಳೋ, ಹೊಸ ಮಷಿನು ಬಂದಾಗ ನಮ್ಮ ಪ್ಲಾಂಟಿನಲ್ಲಿ ಹುಟ್ಟಿಕೊಳ್ಳುತ್ತಿದ್ದ ಕಥೆಗಳೂ ಇದೇ ಥರದವು. ಹತ್ತು ವರ್ಷದ ಮೇಲೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೆ.ಜಿ.ಎಫ್‌ಗೆ ಕರೆಂಟು ಬಂತು. ಅದರ ದೂರ 90 ಮೈಲಿಗೂ ಮೇಲೆ. ಎರಡೂ ಕಡೆ ಊರಿನ ದೀಪಕ್ಕಿಂತ ಮೊದಲು ಚಿನ್ನದ ಗಣಿಗೆ ಕರೆಂಟು. ಗೈಡ್ ಹತ್ತಿರ ನಾನು ಇದನ್ನು ಅಳಿಯನ ಮೂಲಕ ಹೇಳಿಸಿದೆ, ಅವರು ಶಿವನಸಮುದ್ರದ ಹೆಸರು ಬರೆದುಕೊಂಡರು.

ಮ್ಯೂಸಿಯಂ ಇರುವುದು ಕಾರ್ಮಿಕ ಸಂಘದ ಹಾಲಿನಲ್ಲಿ. 1877ರಲ್ಲೇ ಗಣಿ ಕೆಲಸಗಾರರು ಯೂನಿಯನ್ ಕಟ್ಟಿದ್ದರು, ಕೂಲಿ ದಿನಕ್ಕೆ ನಾಲ್ಕು ಡಾಲರ್. ಒಳಗೆ ಪಾತ್ರೆ ಪಗಡೆ, ಫೋಟೋ, ಕನ್ನಡಕ, ಹೆಣ ಸಾಗಿಸುತ್ತಿದ್ದ ಗಾಡಿ. ಜನ ಹೆಚ್ಚು ಹೊತ್ತು ನಿಲ್ಲುವುದು ಕೆಲವು ಪತ್ರಗಳ ಮುಂದೆ. ಬೋಡಿಯಿಂದ ಒಂದು ಮೊಳೆ ಕದ್ದರೂ ಶಾಪ ತಟ್ಟುತ್ತದೆ ಅನ್ನುವ ಮಾತಿದೆ. ಕದ್ದು ಹೋದವರು, ಆಮೇಲೆ ಕಾರು ಗುದ್ದಿಸಿಕೊಂಡವರು, ಕಾಯಿಲೆ ಬಿದ್ದವರು ಕ್ಷಮೆ ಕೇಳಿ ಸಾಮಾನು ಪೋಸ್ಟಿನಲ್ಲಿ ವಾಪಸ್ ಕಳಿಸಿದ ಪತ್ರಗಳು ಅವು. ಕಳ್ಳತನ ತಪ್ಪಿಸಲು ಪಾರ್ಕಿನವರೇ ಹಬ್ಬಿಸಿದ ಕಥೆ ಅಂತಲೂ ಹೇಳುತ್ತಾರೆ. ಇರಬಹುದು, ಒಳ್ಳೇ ಉಪಾಯ. ಆದರೂ ಚರ್ಚಿನಲ್ಲಿ ಗೋಡೆಗೆ ಹಾಕಿದ್ದ ದೇವರ ಹತ್ತು ಆಜ್ಞೆಗಳ ಪಟವನ್ನೇ ಯಾರೋ ಕದ್ದಿದ್ದಾರೆ, ಅದರಲ್ಲಿ ಕಳವು ಮಾಡಬೇಡ ಅಂತಲೂ ಬರೆದಿತ್ತು. ಶಾಪಕ್ಕೆ ಹೆದರುವವರು ಎಲ್ಲರೂ ಅಲ್ಲ.

ಬೀದಿಯ ಅಂಗಡಿ ಮುಂದೆ ಹಳೇ ಕಾಲದ ಪೆಟ್ರೋಲ್ ಪಂಪು, ಒಂದು ತುಕ್ಕು ಹಿಡಿದ ಲಾರಿ ನಿಂತಿದೆ. ಎಲ್ಲರ ಫೋಟೋದಲ್ಲೂ ಅದೇ ಬರುತ್ತದೆ. ನೋಡಿ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ನಮ್ಮಲ್ಲಿ ಗಣಿ ನಿಂತ ಮೇಲೆ ಸಾಲಾಗಿ ನಿಂತ ಟಿಪ್ಪರುಗಳು ಗುಜರಿಗೆ ಹೋದವು. ನಾನು ದುಡಿದ ಪ್ಲಾಂಟಿನ ಸ್ಕ್ರೀನು, ಬೆಲ್ಟಿನ ರೋಲರುಗಳನ್ನು ಗ್ಯಾಸ್ ಕಟ್ಟರಿನಿಂದ ತುಂಡು ಮಾಡಿ ಲಾರಿಗೆ ಹೇರಿದ್ದು ಕಂಡಿದ್ದೇನೆ. ಈಗ ಹರಾಜು ಆಗಿ ಕೆಲವು ಗಣಿ ಮತ್ತೆ ಶುರುವಾಗಿವೆ, ಹೊಸ ಮಷಿನು ಬರುತ್ತವೆ, ಒಳ್ಳೆಯದೇ. ಆದರೆ ಪೋರ್ಚುಗೀಸರ ಕಾಲದಿಂದ ಜಪಾನಿಗೆ ಅದಿರು ಹೋದ ಕಥೆ ಹೇಳಲಿಕ್ಕೆ ಮಾಂಡೋವಿ ದಡದಲ್ಲಿ ಒಂದು ಹಳೇ ಲೋಡಿಂಗ್ ಜೆಟ್ಟಿ, ಒಂದು ಬಾರ್ಜು ಉಳಿಸಿದರೆ ಟಿಕೆಟ್ಟು ಕೊಟ್ಟು ನೋಡಲು ನಾನೇ ಮೊದಲು ನಿಲ್ಲುತ್ತೇನೆ. ಕ್ಯಾಸಿನೋ ಹಡಗಿಗೆ ನದಿಯಲ್ಲಿ ಜಾಗ ಇದೆ ಅಂದಮೇಲೆ ಒಂದು ಬಾರ್ಜಿಗೆ ಇಲ್ಲವೇ?

ಕಷ್ಟಗಳನ್ನೂ ಹೇಳಬೇಕು. ನೆರಳಿಲ್ಲ. ಬೇಸಿಗೆಯಲ್ಲೂ ಗಾಳಿ ತಣ್ಣಗೆ, ಬಿಸಿಲು ಚುರುಕು, ಹಾಗಾಗಿ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಟೋಪಿ, ಸ್ವೆಟರ್ ಎರಡೂ ಬೇಕು. ಟಾಯ್ಲೆಟ್ಟು ಪಾರ್ಕಿಂಗ್ ಹತ್ತಿರ, ಊರಿನ ಆಚೆ ತುದಿಗೆ ಹೋದಮೇಲೆ ನೆನಪಾದರೆ ದೊಡ್ಡ ನಡಿಗೆ. ಊಟ ತಿಂಡಿ ಏನೂ ಸಿಗುವುದಿಲ್ಲ. ನಾವು ಮಗಳ ಮನೆಯಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಕೂತು ತಿನ್ನಲು ಜಾಗ ಮಾಡಿದ್ದಾರೆ. ಪಕ್ಕದ ಟೇಬಲ್ಲಿನ ಒಬ್ಬ ಅಮೆರಿಕದ ಮುದುಕರು ರೊಟ್ಟಿ ಮುರಿದ ಸದ್ದು ಕೇಳಿ ತಿರುಗಿ ನೋಡಿದರು, ಒಂದು ತುಂಡು ಕೊಟ್ಟೆವು. ಚಟ್ನಿ ಖಾರಕ್ಕೆ ಅವರ ಬಾಟಲಿಯ ನೀರೆಲ್ಲ ಖಾಲಿ. ಸಿಗರೇಟು ಪಾರ್ಕಿಂಗಿನಲ್ಲಿ ಮಾತ್ರ, ಊರೊಳಗೆ ಹಚ್ಚಿದರೆ ಕೇಳಬೇಡಿ, ಒಣಗಿದ ಕಟ್ಟಿಗೆಯ ಊರು ಅದು.

ಚಿಕ್ಕ ಮಕ್ಕಳಿಗೆ ಒಂದು ಗಂಟೆಯ ಮೇಲೆ ಬೇಜಾರಾಗುತ್ತದೆ. ಮುಟ್ಟಬೇಡ, ಎತ್ತಬೇಡ, ಒಳಗೆ ಹೋಗಬೇಡ, ಇಷ್ಟೇ ಹೇಳುತ್ತಿರಬೇಕು. ಬಳೆಚೂರಿನ ಹಾಗೆ ಹೊಳೆಯುವ ಗಾಜಿನ ಚೂರು, ಮೊಳೆ ಎಲ್ಲ ನೆಲದಲ್ಲೇ ಬಿದ್ದಿರುತ್ತವೆ, ಆದ್ದರಿಂದ ಶೂ ಇಲ್ಲದೆ ಬೇಡ. ಶಾಲೆಗೆ ಹೋಗುವ ವಯಸ್ಸಿನವರಾದರೆ ಕರೆದುಕೊಂಡು ಹೋಗಿ, ಮಿಲ್ಲಿನಲ್ಲಿ ಕಲಿಯುವುದು ಬಹಳ ಇದೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ ಈಗಾಗಲೇ ನಮ್ಮ ಕನ್ನಡ ಸಂಘದಲ್ಲಿ ಒಂದಿಬ್ಬರು ಕೇಳಿದ್ದಾರೆ. ನಡೆಯಲು ಬರುವವರಾದರೆ ಧಾರಾಳವಾಗಿ. ಊರು ಬಹುತೇಕ ಸಮ, ಮಿಲ್ಲಿನ ಕಡೆ ಮಾತ್ರ ಏರು. ಎತ್ತರದಿಂದಾಗಿ ಉಸಿರು ಸ್ವಲ್ಪ ಬೇಗ ಬರುತ್ತದೆ, ನಮ್ಮ ಮನೆಯವರಿಗೆ ಮೊದಲ ಅರ್ಧ ತಾಸು ತಲೆ ಭಾರ ಅನ್ನಿಸಿತು, ನೀರು ಕುಡಿದು ಕೂತ ಮೇಲೆ ಸರಿಹೋಯಿತು. ಸಮುದ್ರದ ಮಟ್ಟದಲ್ಲಿ ಬದುಕುವ ನಾವು ನೇರ ಅಷ್ಟು ಮೇಲೆ ಹತ್ತಬಾರದು, ಹಿಂದಿನ ರಾತ್ರಿ ಲೀ ವೈನಿಂಗಿನಲ್ಲೋ ಅದೇ ಹೆದ್ದಾರಿಯ ಬ್ರಿಜ್‌ಪೋರ್ಟ್ ಊರಲ್ಲೋ ಉಳಿಯಿರಿ ಅಂದಿದ್ದು ಅದಕ್ಕೇ. ಹೃದಯದ ತೊಂದರೆ, ದಮ್ಮು ಇರುವವರು ಡಾಕ್ಟರನ್ನು ಕೇಳಿಯೇ ಹೊರಡಿ. ಬಿಪಿ, ಸಕ್ಕರೆ ಮಾತ್ರೆ ಕೈಚೀಲದಲ್ಲಿರಲಿ, ಕಾರಿನ ಡಿಕ್ಕಿಯಲ್ಲಿ ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಿ, ಮಿಲ್ಲಿನ ಟಿಕೆಟ್ಟು ಸಿಗುತ್ತದೆ, ಗಾಳಿಯೂ ಅಷ್ಟು ಎದ್ದಿರುವುದಿಲ್ಲ, ಮಧ್ಯಾಹ್ನ ಊಟ ಮುಗಿಸಿ ಇಳಿದರೆ ಸಂಜೆ ಮೋನೋ ಸರೋವರಕ್ಕೂ ಟೈಮ್ ಸಿಗುತ್ತದೆ.